ಹಸುವಿಗೆ ನಿಲ್ಲಿಸಿದ ತಪ್ಪಿಗೆ

ನಮ್ಮ ಕಡೆ ರಸ್ತೆಯಲ್ಲಿ ಸತ್ತ ನಾಯಿಯನ್ನು ಯಾರೂ ಎತ್ತುವುದಿಲ್ಲ. ಟಯರುಗಳೇ ಸ್ವಲ್ಪ ಸ್ವಲ್ಪವಾಗಿ ಎತ್ತಿಕೊಂಡು ಹೋಗುತ್ತವೆ. ಮೊದಲು ಅದು ನಾಯಿಯಾಗಿರುತ್ತದೆ, ಆಮೇಲೆ ಮಡಿಸಿಟ್ಟ ಗೋಣಿಚೀಲದ ಹಾಗೆ, ಕೊನೆಗೆ ಟಾರಿನ ಮೇಲೊಂದು ಕಂದು ಕಲೆ. ಅಷ್ಟೂ ದಿನ ಜನ ಕಿಟಕಿ ಗಾಜು ಏರಿಸಿ, ಮೂಗು ಮುಚ್ಚಿ, ಲೊಚಗುಟ್ಟಿ ಅದರ ಮೇಲೇ ಹೋಗುತ್ತಾರೆ. ನಾನೂ ಹೋಗುತ್ತೇನೆ. ಲೊಚಗುಟ್ಟುವುದರಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ.

ಅಲ್ಲಾಳಸಂದ್ರದ ನಮ್ಮ ಮನೆಯಿಂದ ಹೊರಟು ಬಾಗಲೂರು ರಸ್ತೆ ಹಿಡಿದರೆ, ಪ್ರಾಣಿಗಳನ್ನು ಕೊಲ್ಲುವುದಕ್ಕೆ ಜನ ಎಷ್ಟು ಶ್ರದ್ಧೆಯಿಂದ ತಯಾರಿ ಮಾಡಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಕೋಳಿ ಅಂಗಡಿಯವರು ಕರುಳು, ರೆಕ್ಕೆ, ಕಾಲು ಎಲ್ಲ ಕಪ್ಪು ಚೀಲಕ್ಕೆ ತುಂಬಿ ತಿರುವಿನಲ್ಲೇ ಬಿಸಾಡುತ್ತಾರೆ, ಅದಕ್ಕೆ ನಾಯಿಗಳು ಬರುತ್ತವೆ. ಛತ್ರದವರು ಎಂಜಲೆಲೆ, ಹಳಸಿದ ಅನ್ನ ಸುರಿಯುತ್ತಾರೆ, ಅದಕ್ಕೆ ಹಸುಗಳು. ಹಾಲು ಕರೆದುಕೊಂಡ ಮೇಲೆ ಹಸುವನ್ನು ಬೀದಿಗೆ ಅಟ್ಟುವುದು ಅಲ್ಲಿನ ಹಳೇ ಊರುಗಳ ಪದ್ಧತಿ. ಮೊದಲು ಗೋಮಾಳ ಇತ್ತು, ಅಟ್ಟುತ್ತಿದ್ದರು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ, ಆದರೂ ಅಟ್ಟುತ್ತಾರೆ. ಬಾಯಿಂದ ಅರ್ಧ ಪ್ಲಾಸ್ಟಿಕ್ ಚೀಲ ನೇತಾಡಿಸಿಕೊಂಡು, ಅದನ್ನೇ ಮೆಲುಕು ಹಾಕುತ್ತ ಡಿವೈಡರ್ ಪಕ್ಕ ನಿಂತ ಹಸುವನ್ನು ನೋಡಿದ ಮೇಲೆ ನನಗೆ ಬೆಳಗಿನ ಕಾಫಿಯ ಮೇಲೆ ಮನಸ್ಸೇ ಹೋಗುವುದಿಲ್ಲ. ಎರಡು ಲೋಟ ಕುಡಿಯುತ್ತೇನೆ, ಅದು ಬೇರೆ ಮಾತು.

ಇಂಥ ರಸ್ತೆಯಲ್ಲಿ ನನ್ನ ಹೆಂಡತಿ ಕಾರು ಓಡಿಸುತ್ತೇನೆ ಅಂದಳು.

ಅವಳು ಬಾಗಲಕೋಟೆ ಕಡೆಯವಳು, ಟೀಚರು. ಬಾಗಲೂರು ದಾಟಿ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಹೋದರೆ ಪ್ರಾರ್ಥನೆ ಮುಗಿದ ಮೇಲೆಯೇ ತಲುಪುವುದು, ತಡವಾಗಿ ಬರುವವರನ್ನು ಆ ಶಾಲೆ ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಕೆಲಸ ಉಳಿಯಬೇಕಾದರೆ ಕಾರೇ ಗತಿ. ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡಳು. ಅಲ್ಲಿನ ಮೇಷ್ಟ್ರು ಪ್ರಾಣಿಗಳ ವಿಷಯದಲ್ಲಿ ಕಲಿಸಿದ ಪಾಠ ಒಂದೇ: "ಹಾರ್ನ್ ಹೊಡ್ದು ನುಗ್ಸಿ ಮೇಡಂ. ನೀವು ನಿಲ್ಸಿದ್ರೆ ಹಿಂದಿನವನು ನಿಮ್ಮನ್ನ ಹೊಡೀತಾನೆ."

ನಾನು ಅದನ್ನು ಒಪ್ಪಲಿಲ್ಲ. ನನ್ನ ಹತ್ತಿರ ನನ್ನದೇ ಸಿದ್ಧಾಂತ ಇತ್ತು. ಚಿಂತೆ ಮಾಡುವವನ ಹತ್ತಿರ ಸಿದ್ಧಾಂತಗಳಿಗೇನು ಬರ. ದೂರದಿಂದಲೇ ಕಾಲನ್ನು ಬ್ರೇಕಿನ ಮೇಲೆ ಇಡಬೇಕು. ಹಿಂದೆ ಯಾರಿದ್ದಾರೆ ಅಂತ ಕನ್ನಡಿ ನೋಡಬೇಕು. ಸ್ಟೇರಿಂಗ್ ಎಳೆಯಬಾರದು, ನಾಯಿಯನ್ನು ಉಳಿಸಲು ಹೋಗಿ ಎದುರಿಗೆ ಬರುವ ಬೈಕಿನವನನ್ನು ಹೊಡೆಯುವುದು ಇದರಿಂದಲೇ. ಹಾರ್ನ್ ಹೊಡೆಯಲೇಬಾರದು, ಬೆದರಿದ ಪ್ರಾಣಿ ಎತ್ತ ಹಾರುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಒಂದು ದಾಟಿತು ಅಂತ ಹೊರಟುಬಿಡಬಾರದು, ಹಿಂದೆ ಅದರ ಕರು ಇರುತ್ತದೆ, ಮರಿ ಇರುತ್ತದೆ. ಇದನ್ನೆಲ್ಲ ನಾನು ಊಟದ ಹೊತ್ತಿನಲ್ಲಿ, ಟೀವಿಯ ಹೊತ್ತಿನಲ್ಲಿ, ಅವಳು ನಿದ್ದೆಗೆ ಜಾರುವ ಹೊತ್ತಿನಲ್ಲಿ ಹೇಳುತ್ತಿದ್ದೆ.

"ಇಷ್ಟೆಲ್ಲಾ ಗೊತ್ತಿದ್ದವರು ನೀವ್ಯಾಕ ಬೆಕ್ಕು ಅಡ್ಡ ಬಂದ್ರ ನಡುರಸ್ತೆದಾಗ ನಿಂತು ಇನ್ನೊಬ್ಬರು ದಾಟ್ಲಿ ಅಂತ ಕಾಯ್ತೀರಿ?" ಅಂದಳು.

ಅದು ನಿಜ. ಈ ಊರಿನ ಎಲ್ಲರ ಹಾಗೆ ನಾನೂ ದಾಟಿ ಹೋದ ಬೆಕ್ಕಿಗೆ ಬ್ರೇಕ್ ಹಾಕುವವನೇ.

ನಮ್ಮ ಕಾರಿನ ಕೀಲಿ ಕೈಗೆ ತೆಗೆದುಕೊಂಡ ದಿನ ಅವಳು ಒಂದು ಮಾತು ಹೇಳಿದಳು. "ನೋಡ್ರಿ, ನನ್ನಿಂದ ಒಂದು ಜೀವಕ್ಕ ಏನರ ಆತಂದ್ರ, ಅವತ್ತ ಈ ಕೀಲಿ ವಾಪಸ್. ಮತ್ತ ಮುಟ್ಟೂದಿಲ್ಲ. ಕೆಲಸ ಹೋದ್ರ ಹೋಗ್ಲಿ." ಅವಳು ಹೇಳಿದಂತೆ ಮಾಡುವವಳು.

ಮೊದಮೊದಲು ನಾನೂ ಅವಳ ಪಕ್ಕ ಕೂತು ಶಾಲೆಯವರೆಗೆ ಹೋಗಿ, ಬಸ್ಸಿನಲ್ಲಿ ವಾಪಸ್ಸಾಗಿ, ಮತ್ತಿಕೆರೆಯ ನನ್ನ ಆಫೀಸಿಗೆ ಹೋಗುತ್ತಿದ್ದೆ. ಪಕ್ಕದ ಸೀಟಿನಲ್ಲಿ ಬ್ರೇಕ್ ಇರುವುದಿಲ್ಲ ಅನ್ನುವುದು ನನ್ನ ಬಲಗಾಲಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅವಳು ಬ್ರೇಕ್ ಒತ್ತಿದ ಮೇಲೆ ನಾನು "ಬ್ರೇಕ್! ಬ್ರೇಕ್!" ಅನ್ನುತ್ತಿದ್ದೆ.

"ಹಾಕೇನಲ್ರಿ, ಇನ್ನೆಷ್ಟ ಹಾಕ್ಲಿ? ಸುಮ್ಮ ಕುಂದರ್ರಿ. ನೀವು ಒದರಿದ್ರ ನಾಯಿ ಹೆದರೂದಿಲ್ಲ, ನಾ ಹೆದರ್ತೀನಿ."

ಅವಳು ಚೆನ್ನಾಗಿ ಓಡಿಸುತ್ತಿದ್ದಳು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೊಗಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಅಂತ.

ದೃಷ್ಟಿಯ ಮಾತು ಬಂದಿದ್ದರಿಂದ ಅಮಾವಾಸ್ಯೆಯ ವಿಷಯಕ್ಕೆ ಬರುತ್ತೇನೆ. ಅಮಾವಾಸ್ಯೆ ಬಂತೆಂದರೆ ಈ ಭಾಗದ ಅಂಗಡಿಯವರೂ ಗಾಡಿಯವರೂ ಬೂದುಗುಂಬಳಕಾಯಿ ತರುತ್ತಾರೆ. ತೂತು ಕೊರೆದು ಒಳಗೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಗಾಡಿಗೆ ನಿವಾಳಿಸಿ, ನಡುರಸ್ತೆಯಲ್ಲಿ ಎತ್ತಿ ಕುಕ್ಕುತ್ತಾರೆ. ಟಯರಿನ ಕೆಳಗೆ ನಿಂಬೆಹಣ್ಣು. ಗಾಡಿಗೆ ಅಪಘಾತ ಆಗದಿರಲಿ ಅಂತ ಇಷ್ಟೂ. ಬೈಕಿನವರು ಆ ಲೋಳೆಯ ಮೇಲೆ ಜಾರಿ ಬಿದ್ದರೆ ಅದು ಅವರ ಗ್ರಹಚಾರ. ಒಡೆದವರು ಮುಟ್ಟುವುದಿಲ್ಲ, ದಾಟುವವರು ಮುಟ್ಟುವುದಿಲ್ಲ. ಮುಟ್ಟುವುದು ಹಸು ಮಾತ್ರ. ಬೂದುಗುಂಬಳ ಅಂದರೆ ಅದಕ್ಕೆ ಪ್ರಾಣ. ನಡುರಸ್ತೆಯಲ್ಲಿ ಬಡಿಸಿಟ್ಟರೆ ನಡುರಸ್ತೆಗೇ ಬಂದು ಊಟ ಮಾಡುತ್ತದೆ.

ಅಂಥದೊಂದು ಅಮಾವಾಸ್ಯೆಯ ಬೆಳಿಗ್ಗೆ ಬಾಗಲೂರಿಗೆ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ, ಎಡಗಡೆ ಒಂದು ದೊಡ್ಡ ಕಾಂಪೌಂಡಿನ ಮನೆ. ಗೇಟಿನ ಮುಂದೆ, ರಸ್ತೆಯ ಅಂಚಿನಲ್ಲಿ ನಮ್ಮ ಮನೆಯ ಹಾಲ್‌ನಷ್ಟು ದೊಡ್ಡ ಹೊಸ ಗಾಡಿ ನಿಂತಿತ್ತು, ಹಾರ ಹಾಕಿಕೊಂಡು. ಬಿಳಿ ಶರ್ಟಿನ ಯಜಮಾನರು ಆಗಷ್ಟೇ ಕುಂಬಳಕಾಯಿ ಒಡೆದು ಕೈ ಝಾಡಿಸಿಕೊಳ್ಳುತ್ತಿದ್ದರು. ಹೊಲ ಲೇಔಟ್ ಆದ ಮೇಲೆ ಬಿಲ್ಡರ್ ಆದವರು, ನೋಡಿದರೇ ತಿಳಿಯುತ್ತಿತ್ತು. ಕುಂಬಳಕಾಯಿಯ ಹೋಳುಗಳು ರಸ್ತೆಯ ಮಧ್ಯದವರೆಗೂ ಚೆಲ್ಲಿದ್ದವು. ಅವುಗಳ ಮಧ್ಯೆ ಒಂದು ಕೆಂಚು ಹಸು, ಮೂತಿಯೆಲ್ಲ ಕುಂಕುಮ ಮೆತ್ತಿಕೊಂಡು ರಕ್ತ ಕುಡಿದ ಹಾಗೆ, ಆರಾಮಾಗಿ ತಿನ್ನುತ್ತಿತ್ತು.

ಹೆಂಡತಿ ದೂರದಿಂದಲೇ ನಿಧಾನ ಮಾಡಿದಳು. ಕನ್ನಡಿ ನೋಡಿದಳು. ಸ್ಟೇರಿಂಗ್ ಎಳೆಯದೆ, ಹಾರ್ನ್ ಹೊಡೆಯದೆ, ಹಸುವಿಗೆ ಸಾಕಷ್ಟು ಜಾಗ ಬಿಟ್ಟು ಕಾರು ನಿಲ್ಲಿಸಿದಳು. ನಾನು "ಬ್ರೇಕ್!" ಅಂದಾಗ ಕಾರು ನಿಂತು ಒಂದು ಉಸಿರಾಗಿತ್ತು.

ಬಿಳಿ ಶರ್ಟಿನವರು ಗಾಡಿ ಹತ್ತಿದರು. ಟಯರಿನ ಕೆಳಗೆ ನಿಂಬೆಹಣ್ಣು ಚಟ್ಟೆಂದವು. ನಮ್ಮ ಕಾರು ಹಸುವಿಗಾಗಿ ನಿಂತಿದೆ ಅನ್ನುವುದು ಅವರಿಗೆ ಕಾಣುತ್ತಿತ್ತು. ಆದರೂ ನಮ್ಮ ಎಡಗಡೆಯಿಂದ ಮೂತಿ ತೂರಿಸಿ, ಕಿವಿ ಹರಿಯುವಂಥ ಹಾರ್ನ್ ಒತ್ತಿಕೊಂಡೇ ಮುಂದೆ ನುಗ್ಗಿಸಿದರು. ಹಸು ಬೆದರಿತು. ತಿರುಗಲು ಹೋಗಿ ಆ ಲೋಳೆಯ ಮೇಲೆ ಹಿಂಗಾಲು ಜಾರಿ, ನೇರ ಅವರ ಗಾಡಿಯ ಮುಂದೆಯೇ ಬಿತ್ತು. ಆಮೇಲೆ ಬಂದ ಶಬ್ದವನ್ನು ನಾನು ಬರೆಯುವುದಿಲ್ಲ.

ಜನ ಎಲ್ಲಿದ್ದರೋ, ಸೇರಿದರು. ಹಸು ಏಳಲು ನೋಡುತ್ತಿತ್ತು, ಏಳಲಾಗದೆ ಮತ್ತೆ ಕುಸಿಯುತ್ತಿತ್ತು. ಒಬ್ಬ ಫೋನ್ ಎತ್ತಿ ಹಿಡಿದು ಗಾಡಿಯ ಸುತ್ತ ತಿರುಗಿದ. "ಮಚ್ಚಾ, ಬಂಪರ್ ಹೋಯ್ತಲ್ಲೋ! ಹೊಸಾ ಗಾಡಿ ಗುರು!" ಹಸುವಿನ ಕಡೆ ಫೋನು ತಿರುಗಿದ್ದು ಆಮೇಲೆ.

ಬಿಳಿ ಶರ್ಟಿನವರು ಇಳಿದು ಮೊದಲು ಬಂಪರ್ ಸವರಿದರು. ಆಮೇಲೆ ನಮ್ಮ ಕಡೆ ಬಂದರು. ನನ್ನ ಹತ್ತಿರ ಅಲ್ಲ, ಹೆಂಡತಿಯ ಕಿಟಕಿಯ ಹತ್ತಿರ.

"ಏನಮ್ಮಾ, ಇಂಗೆ ನಡು ರೋಡ್ನಲ್ಲಿ ನಿಲ್ಸೋದಾ? ನೀನ್ ನಿಲ್ಸಿದ್ದಕ್ಕೇ ಅದೂ ಆಯಾಗಿ ನಿಂತ್ಕಂಡಿದ್ದು. ಓಡುಸ್ಕಂಡ್ ಓಗಿದ್ರೆ ಜಾಗ ಬಿಡ್ತಿತ್ತು!"

"ಆಕಳ ನಿಂತಿತ್ತು, ನಿಲ್ಲಿಸಿದೆ. ಹಾರ್ನ್ ಹೊಡೆದವ್ರು ನೀವು," ಅಂದಳು ಹೆಂಡತಿ.

"ಗಾಡಿ ಬರ್ದೆ ಇದ್ರೆ ಮನೇಲಿರ್ಬೇಕು ಕಣಮ್ಮ."

ಸುತ್ತ ನಿಂತವರಲ್ಲಿ ಯಾರೋ "ಲೇಡೀಸು ಅಲ್ವಾ" ಅಂದರು. ಅಷ್ಟಕ್ಕೇ ತೀರ್ಪು ಆಗಿಹೋಯಿತು. ನಾನು ಕಾರಿನಿಂದ ಇಳಿದೆ, ಇಳಿದು "ಸಾರ್, ಅದು ಹಾಗಲ್ಲ ಸಾರ್" ಅಂದೆ. ನನ್ನ ಶೌರ್ಯವೆಲ್ಲ ಆ ಎರಡು ಸಾರ್‌ಗಳಲ್ಲಿ ಮುಗಿಯಿತು.

ಆಗ ಗೇಟಿನೊಳಗಿಂದ ಒಬ್ಬ ಮುದುಕಿ ಓಡಿ ಬಂದರು. ಹಸುವಿನ ತಲೆ ತೊಡೆಯ ಮೇಲಿಟ್ಟುಕೊಂಡು, "ಅಯ್ಯೋ ನಮ್ದೇ ಅಸ ಕಣ್ಲಾ! ಬೆಳಿಗ್ಗೆ ಆಲ್ ಕರ್ದು ಈಗ್ ಬಿಟ್ಟಿದ್ನಲ್ಲೋ! ನಿನ್ ಕಣ್ಗೇನ್ ಮಣ್ ಬಿದ್ದಿತ್ತೇನ್ಲಾ?" ಅಂತ ಬಿಳಿ ಶರ್ಟಿನವರಿಗೆ ಬೈದರು. ಅವರ ತಾಯಿ. ಒಬ್ಬರಾದರೂ ಸರಿಯಾದವರನ್ನು ಬೈದರಲ್ಲ ಅಂತ ನನಗೆ ಒಳಗೊಳಗೇ ಸಮಾಧಾನವಾಯಿತು.

ಅದೂ ಬಹಳ ಹೊತ್ತು ಉಳಿಯಲಿಲ್ಲ. ಮುದುಕಿ ಗಾಡಿಯ ಹಾರ ನೋಡಿದರು, ಒಡೆದ ಕುಂಬಳಕಾಯಿ ನೋಡಿದರು, ಮಗನ ಕೈಕಾಲು ಸವರಿದರು. ಕಣ್ಣೊರೆಸಿಕೊಂಡು, "ಓಗ್ಲಿ ಬುಡು. ನಿಂಗ್ ಬರ್ಬೇಕಿದ್ ಕಂಟಕ ಅದು ತಗಂತು. ನಿವಾಳ್ಸಿದ್ದು ಸುಳ್ಳಾಗ್ಲಿಲ್ಲ," ಅಂದರು. ನಿಂತ ಜನ "ಔದೌದು" ಅಂತ ತಲೆದೂಗಿದರು. ಒಬ್ಬ ಕೈ ಮುಗಿದ, ಹಸುವಿಗಲ್ಲ, ಗಾಡಿಯ ಹಾರಕ್ಕೆ.

ಕುಂಬಳಕಾಯಿ ಒಡೆದವರು ಇವರು, ಹಸು ಬಿಟ್ಟವರು ಇವರು, ಹಾರ್ನ್ ಹೊಡೆದು ಅದರ ಮೇಲೆ ಹೋದವರು ಇವರು. ಕಡೆಗೆ ಪೂಜೆ ಫಲಿಸಿತು ಅಂತ ಸಂತೋಷಪಟ್ಟವರೂ ಇವರೇ. ತಪ್ಪು ಮಾತ್ರ ನಿಂತ ಕಾರಿನದು.

ಹೆಂಡತಿ ಶಾಲೆಯವರೆಗೆ ಓಡಿಸಿದಳು. ಸಂಜೆ ಮನೆಗೆ ಬಂದು ಕೀಲಿಯನ್ನು ನನ್ನ ಮುಂದಿಟ್ಟಳು.

"ನೀನು ತಾಗಿಸ್ಲಿಲ್ವಲ್ಲೇ ಮಾರಾಯ್ತಿ," ಅಂದೆ.

"ನಾ ನಿಲ್ಲಿಸದಿದ್ರ ಅಂವಾ ಎಡಕ್ಕ ತೂರ್ತಿದ್ನೇನು? ನನ್ನ ಸಲುವಾಗೇ ಆತು."

ಅಲ್ಲ ಅನ್ನಬೇಕಿತ್ತು. ಗಟ್ಟಿಯಾಗಿ, ಟೇಬಲ್ ಕುಟ್ಟಿ ಅನ್ನಬೇಕಿತ್ತು. ನಾನು ಅಂದದ್ದು, "ಸ್ವಲ್ಪ ದಿನ ಬಸ್ಸಲ್ಲೇ ಹೋಗು, ವಾಸಿ." ಇನ್ನು ಮೇಲೆ ಬೆಳಿಗ್ಗೆ ನನ್ನ ಬಲಗಾಲಿಗೆ ವಿಶ್ರಾಂತಿ ಅನ್ನುವ ಖುಷಿಯೂ ಅದರಲ್ಲಿ ಸೇರಿತ್ತು ಅನ್ನಿಸಿ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ. ಪಕ್ಕದ ಮನೆಯವರಂತೂ ವಿಷಯ ಕೇಳಿ, "ಹಸು ಬಂದ್ರೆ ನಿಲ್ಸೋದಲ್ಲ ಕಣ್ರೀ, ಕಟ್ ಹೊಡೀಬೇಕು," ಅಂತ ಕೈಯಲ್ಲೇ ಸ್ಟೇರಿಂಗ್ ತಿರುಗಿಸಿ ತೋರಿಸಿದರು. ಅವರ ಕಾರಿನ ಎರಡೂ ಬದಿ ಗೀರುಗಳ ಬಗ್ಗೆ ನಾನು ಕೇಳಲಿಲ್ಲ.

ಅವಳು ಬಸ್ಸಿನಲ್ಲಿ ಹೋದಳು, ತಡವಾದಳು, ಹೆಡ್ ಮಿಸ್ಸಿನ ಹತ್ತಿರ ಅನ್ನಿಸಿಕೊಂಡಳು. ಕೊನೆಗೆ ಇನ್ನು ಸಮಯಕ್ಕೆ ಬರಲಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂತಲೂ ಹೇಳಿಸಿಕೊಂಡಳು. ಅವಳು ಕೀಲಿಯ ಕಡೆ ನೋಡಲಿಲ್ಲ. ಕೆಲಸ ಹೋದ ಹಾಗೇ ಅಂದುಕೊಂಡೆ.

ಮುಂದಿನ ಅಮಾವಾಸ್ಯೆಯ ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

"ಬಸ್ಸಿನಿಂದ ನೋಡಿದೆ. ಅದ ಮನಿ, ಅದ ಗೇಟು. ಆ ಆಕಳ ಮುರದ ಕಾಲಿಗೆ ಬಿದಿರಿನ ದಬ್ಬಿ ಕಟ್ಟಿ ಕಾಂಪೌಂಡಿನಾಗ ಕಟ್ಯಾರ. ಗೇಟಿನ ಮುಂದ ಮತ್ತ ಕುಂಬಳಕಾಯಿ ಒಡದಾರ್ರೀ! ಈ ಸಲ ಎರಡು!"

ನಾನು ಬಾಯಿ ತೆರೆಯುವ ಮೊದಲೇ ಅವಳು ಕೈ ಚಾಚಿದಳು. "ಇಂಥವರ ಮಾತು ಕೇಳಿ ನಾ ಗಾಡಿ ಬಿಟ್ನಲ್ರೀ. ತರ್ರಿ ಇಲ್ಲೆ, ಕೀಲಿ."

ಮರುದಿನ ಬೆಳಿಗ್ಗೆ ಮತ್ತೆ ಅದೇ ರಸ್ತೆ, ನಾನು ಪಕ್ಕದ ಸೀಟಿನಲ್ಲಿ. ಹಿಂದಿನ ದಿನದ ಕುಂಬಳಕಾಯಿ ಹಾಗೇ ಬಿದ್ದಿತ್ತು, ಟಯರಿಗೆ ಸಿಕ್ಕಿ ಅರ್ಧ ಪಾಯಸವಾಗಿ, ಮೇಲೆ ನೊಣ. ಬೇರೆ ಯಾರದೋ ಎಳೇ ಕರುವೊಂದು ಅದಕ್ಕೆ ಮೂತಿ ಹಾಕಿತ್ತು. ಹೆಂಡತಿ ನಿಧಾನ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ, ನಿಲ್ಲಿಸಿದಳು. ಹಿಂದೆ ಹಾರ್ನ್‌ಗಳು ಶುರುವಾದವು. ಅವಳು ಅಲುಗಲಿಲ್ಲ.

"ಇಳೀರಿ," ಅಂದಳು.

"ಯಾಕೆ?"

"ಅದು ಅಲ್ಲೇ ಇದ್ರ ಕರ ಹೋಗೂದಿಲ್ಲ. ಎತ್ತಿ ಬದಿಗೆ ಹಾಕ್ರಿ."

ದೃಷ್ಟಿ ತೆಗೆದ ಕುಂಬಳಕಾಯಿ! ಅದನ್ನು ದಾಟಲೂ ಹೆದರಿ ಸುತ್ತಿ ಹೋಗುವವನು ನಾನು. ಆದರೂ ಇಳಿದೆ, ಒಳಗೆ ಕೂತವಳ ಮುಖ ಆ ದೃಷ್ಟಿಗಿಂತ ಹೆಚ್ಚು ಹೆದರಿಸುವಂತಿತ್ತು. ಮೊದಲು ಬೂಟಿನಿಂದ ತಳ್ಳಿ ನೋಡಿದೆ, ಜಾರಿತು. ಬಗ್ಗಿ ಕೈಯಲ್ಲೇ ಎತ್ತಿದೆ. ತಣ್ಣಗೆ, ಲೋಳೆಯಾಗಿ, ಹುಳಿ ವಾಸನೆ. ಗೇಟಿನ ಹತ್ತಿರ ನಿಂತಿದ್ದ ಮುದುಕಿ, "ಅಯ್ಯಯ್ಯೋ, ಮುಟ್ಬೇಡಪ್ಪೋ, ನಿಂಗ್ ತಗಲ್ಕಂತದೆ!" ಅಂತ ಕೂಗಿದರು. ಹೋಳುಗಳನ್ನು ಒಂದೊಂದಾಗಿ ತಂದು ಅವರದೇ ಕಾಂಪೌಂಡ್ ಗೋಡೆಯ ಬುಡಕ್ಕೆ ಹಾಕಿದೆ. ಕರು ನನ್ನ ಹಿಂದೆಯೇ ಬಂದು ಅಲ್ಲಿ ನಿಂತು ತಿನ್ನತೊಡಗಿತು.

"ಇನ್ನೊಂದು ಚೂರು ಐತ್ರೀ, ಅಲ್ಲೆ, ಬಲಕ್ಕ," ಅಂದಳು ಕಿಟಕಿಯಿಂದ.

ಅದನ್ನೂ ಎತ್ತಿದೆ. ಎರಡೂ ಕೈ ಮೊಣಕೈವರೆಗೆ ಕೆಂಪಾಗಿ, ಅವನ್ನು ಎಲ್ಲೂ ತಾಗದಂತೆ ಎತ್ತಿಹಿಡಿದು, ಕಾರಿನ ಬಾಗಿಲ ಹತ್ತಿರ ನಿಂತೆ. "ಎಲ್ಲಿ ಒರೆಸ್ಕೊಳ್ಲೇ?"

"ನಿಮ್ಮ ಪ್ಯಾಂಟಿಗೆ ಒರಸ್ಕೊಳ್ರಿ. ನನ್ನ ಸೀಟಿಗೆ ಬ್ಯಾಡ," ಅಂದು, ನಾನು ಕೂತ ಮೇಲೆ ಕನ್ನಡಿ ನೋಡಿ, ಕರುವಿನ ಕಡೆ ಇನ್ನೊಮ್ಮೆ ನೋಡಿ, ಫಸ್ಟ್ ಗೇರಿಗೆ ಹಾಕಿದಳು.