ಕಳುವಾಗದ ಒಂಬತ್ತನೇ ಗ್ರಹ

ಕೊರೊನಾ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ವರ್ಷ. ನಾನು ಆಗ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕಿ. ಶ್ರೀರಂಗಪಟ್ಟಣದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಕಚೇರಿ ಕೆಲಸ ಎಷ್ಟೇ ಇದ್ದರೂ ವಿಜ್ಞಾನದ ಪಾಠವನ್ನು ನಾನು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಿದ್ದರು. ಇಲ್ಲವೆನ್ನುವುದಿಲ್ಲ. ಈ ಪ್ರಸಂಗ ನೆನೆದರೆ ಈಗಲೂ ಬರುತ್ತದೆ.

ದಾನಿಯೊಬ್ಬರು ಶಾಲೆಗೆ ಒಂದು ಟೆಲಿಸ್ಕೋಪ್ ಕೊಟ್ಟಿದ್ದರು. ಚಳಿಗಾಲದ ಒಂದು ಸಂಜೆ, ಹೊತ್ತು ಮುಳುಗಿದ ಕೂಡಲೇ, ಶಾಲೆಯ ಬಯಲಿನಲ್ಲಿ ಅದನ್ನು ನಿಲ್ಲಿಸಿ ಊರವರಿಗೆಲ್ಲ ಶನಿಗ್ರಹ ತೋರಿಸಿದೆ. ಅಕ್ಕನ ಮನೆಗೆಂದು ನಾಗಮಂಗಲದಿಂದ ಬಂದಿದ್ದ ಭಾಗ್ಯ ಎಂಬ ಹೆಣ್ಣುಮಗಳೂ ಸಾಲಿನಲ್ಲಿ ನಿಂತಿದ್ದಳು. ಮೂವತ್ತರ ಆಸುಪಾಸಿನವಳು. ಕಣ್ಣಿಟ್ಟವಳು ತೆಗೆಯಲೇ ಇಲ್ಲ. ಹಿಂದಿದ್ದವರು ಗೊಣಗತೊಡಗಿದರು.

"ಮೇಡಂ, ಶನಿ ಅಂದ್ರೆ ಎದ್ರುಕೊಂಡು ಎಳ್ಳೆಣ್ಣೆ ದೀಪ ಹಚ್ತಿದ್ವಿ. ನೋಡುದ್ರೆ ಬಳೆ ತೊಟ್ಕಂಡು ಎಷ್ಟು ಚೆಂದಾಗವ್ನೆ!" ಎಂದಳು.

ಅವಳದು ಎರಕದವರ ಮನೆ. ತಲೆಮಾರುಗಳಿಂದ ದೇವರ ವಿಗ್ರಹ, ಗಂಟೆ, ದೀಪದ ಕಂಬ ಮಾಡುವವರು. ಮೇಣದಲ್ಲಿ ಮೊದಲು ರೂಪ ತಿದ್ದಿ, ಅದಕ್ಕೆ ಜೇಡಿಮಣ್ಣು ಮೆತ್ತಿ, ಒಣಗಿಸಿ ಕಾಯಿಸುತ್ತಾರೆ. ಮೇಣ ಕರಗಿ ಹೊರಗೆ ಹರಿದು ಒಳಗೆ ಟೊಳ್ಳು ಉಳಿಯುತ್ತದೆ. ಕರಗಿಸಿದ ಲೋಹವನ್ನು ಆ ಟೊಳ್ಳಿಗೆ ಹೊಯ್ದರೆ ಮೇಣದಲ್ಲಿದ್ದ ರೂಪ ಲೋಹದಲ್ಲಿ ಸಿಗುತ್ತದೆ. ಭಾಗ್ಯಳ ಕೈ ಮೇಣದ ಕೆಲಸದಲ್ಲಿ ಬಹಳ ಚೆನ್ನಾಗಿತ್ತು. ಆದರೆ ಹೊರಗೆ ಹೋಗುವ ವಿಗ್ರಹಕ್ಕೆಲ್ಲ ಅಪ್ಪನ ಹೆಸರು, ಅಪ್ಪನ ನಂತರ ಅಣ್ಣನ ಹೆಸರು.

ಮುಂದಿನ ವಾರ ಅವಳೇ ಶಾಲೆಗೆ ಬಂದು, "ನಿಮ್ಮ ಪಡಸಾಲೇಲಿ ಗ್ರಹಗಳನ್ನ ಇತ್ತಾಳೇಲಿ ಮಾಡಿ ತೂಗಾಕ್ತೀನಿ ಮೇಡಂ, ನಂಗೆ ಕೂಲಿ ಬ್ಯಾಡ, ನನ್ನೆಸ್ರು ಆಕ್ಸಿ ಸಾಕು" ಎಂದಾಗ ನಾನು ಎರಡನೇ ಮಾತಾಡಲಿಲ್ಲ. ಊರವರು ಅಟ್ಟದ ಮೇಲಿದ್ದ ಹಳೇ ಹಿತ್ತಾಳೆ ಪಾತ್ರೆಗಳನ್ನು ಕೊಡುವುದೆಂದಾಯಿತು. ಸ್ಟೀಲು ಬಂದ ಮೇಲೆ ಮೂಲೆ ಸೇರಿದ್ದ ಕೊಳಗ, ತಂಬಿಗೆ, ತಟ್ಟೆಗಳೆಲ್ಲ ಶಾಲೆಗೆ ಬಂದವು. ನಿಂಗಮ್ಮಜ್ಜಿ ಎಂಬ ಮುದುಕಿ ತವರಿನಿಂದ ತಂದಿದ್ದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡೇ ತಂದು, "ನಂದು ಯಾವ್ ಗ್ರಹ ಆಯ್ತದೆ?" ಎಂದು ಕೇಳಿದಳು. "ಎಲ್ಲಾದ್ರಲ್ಲೂ ಒಂದೊಂದು ಚೂರು ಇರ್ತದೆ ಕಣಜ್ಜಿ" ಎಂದು ಭಾಗ್ಯ ನಕ್ಕಳು.

ಕೆಲಸ ನೋಡಲು ನಾನೊಮ್ಮೆ ನಾಗಮಂಗಲಕ್ಕೆ ಹೋಗಿದ್ದೆ. ನಾನು ಎಂಟು ನುಣುಪಾದ ಚೆಂಡುಗಳನ್ನು ಊಹಿಸಿಕೊಂಡಿದ್ದೆ. ಅವಳು ಮೇಣವನ್ನು ಎಳೆ ಎಳೆಯಾಗಿ ಹೊಸೆದು ಗುರುಗ್ರಹದ ಪಟ್ಟೆಗಳನ್ನು ಸುತ್ತಿದ್ದಳು. ಹೊಸಹೊಳಲಿನ ಗುಡಿಯಲ್ಲಿ ಕಲ್ಲಿನ ಮೈಮೇಲೆ ಒಡವೆ ಹೇಗೆ ಕೂತಿದೆ ಎಂದು ಹೋಗಿ ನೋಡಿಕೊಂಡು ಬಂದಿದ್ದಳಂತೆ. ಸೂರ್ಯ ಎಲ್ಲಿ ಎಂದೆ. "ಅವ್ನನ್ನ ನಾವ್ಯಾಕೆ ಮಾಡ್ಬೇಕು ಮೇಡಂ? ನಿಮ್ಮ ಪಡಸಾಲೆ ಪೂರ್ವಕ್ಕೈತೆ. ದಿನಾ ಬೆಳಗ್ಗೆ ಅವ್ನೇ ಬತ್ತಾನಲ್ಲ" ಎಂದಳು. ಇಷ್ಟು ವರ್ಷ ಸೌರವ್ಯೂಹ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಖುಷಿಯಿಂದ ಅವಳ ಬೆನ್ನು ತಟ್ಟಿದೆ.

ಗೂಡ್ಸ್ ಆಟೋದಲ್ಲಿ ಭಾಗ್ಯ ಗ್ರಹಗಳನ್ನು ತಂದ ದಿನ ಅರ್ಧ ಊರೇ ಸೇರಿತ್ತು. ಗೋಣಿಚೀಲ ಹಾಸಿ ಸಾಲಾಗಿ ಇಟ್ಟೆವು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಸಿದ್ದೇಗೌಡರು ಬಂದರು. ಕಾಯಿ ಒಡೆದರು. ಬೆರಳು ಚಾಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಎಂಟೇ ಅವೆ. ಇನ್ನೊಂದೆಲ್ಲಮ್ಮಾ? ದಾರೀಲಿ ಬಿದ್ದೋಯ್ತಾ, ಇಲ್ಲಾ ನಿಮ್ಮನೆ ಒಲೆ ನುಂಗ್ಬುಡ್ತಾ?"

ಮೊದಲು ತಮಾಷೆ ಎಂದುಕೊಂಡೆ. ಅಲ್ಲ. ನವಗ್ರಹ ಎಂದ ಮೇಲೆ ಒಂಬತ್ತಿರಬೇಕು, ಎಂಟು ಬಂದಿವೆ, ಅಂದರೆ ಒಂದರ ಹಿತ್ತಾಳೆ ಹೊಡೆದುಕೊಂಡಿದ್ದಾಳೆ. ಅವರ ಲೆಕ್ಕ ಅಷ್ಟೇ. ನಾನು ನಡುವೆ ಹೋಗಿ, ಗುಡಿಯ ಗ್ರಹ ಬೇರೆ, ಪಾಠದ ಗ್ರಹ ಬೇರೆ, ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಇರುವುದರಿಂದ ಈ ಗೊಂದಲ ಎಂದು ಬಿಡಿಸಿ ಹೇಳಿದೆ.

"ಪುಸ್ತಕದ್ದು ಬುಡಿ ಮೇಡಂ. ಈಶ್ವರನ ಗುಡೀಲಿ ಒಂಬತ್ತವೆ. ನಾನೂ ಇದೇ ಇಸ್ಕೂಲಲ್ಲಿ ಒಂಬತ್ತು ಅಂತ್ಲೇ ಓದಿದ್ದು."

ಅವರು ಓದಿದ ಕಾಲಕ್ಕೆ ಒಂಬತ್ತು ಸರಿ. ಆಗ ಪ್ಲೂಟೊ ಲೆಕ್ಕದಲ್ಲಿತ್ತು. ಆಮೇಲೆ ವಿಜ್ಞಾನಿಗಳು ಅದನ್ನು ಕುಬ್ಜ ಗ್ರಹಗಳ ಪಟ್ಟಿಗೆ ಸೇರಿಸಿದರು. ಅದನ್ನೂ ಹೇಳಿದೆ. ಕೇಳುವವರು ಯಾರು? ಹಿಂದಿನಿಂದ ಯಾರೋ "ಪ್ಲೂಟೊನೂ ಇವ್ರೇ ತಕ್ಕೊಂಡೋದ್ರಾ?" ಎಂದು ನಕ್ಕರು. ಭಾಗ್ಯ ತಲೆ ತಗ್ಗಿಸಲಿಲ್ಲ. ಆದರೆ ಅವಳ ಮುಖ ಕಪ್ಪಿಟ್ಟಿತು.

ನಗುವವರಿಗೆ ಒಂದು ವಿಷಯ ಹೊಳೆಯಲಿಲ್ಲ, ಅಥವಾ ಹೊಳೆದೂ ನಕ್ಕರು. ಎರಕದವರ ಬದುಕು ನಡೆಯುವುದೇ ಬೇರೆಯವರ ಲೋಹ ಕೈಯಲ್ಲಿ ಹಿಡಿದು. ಕದ್ದರು ಎಂಬ ಮಾತೊಂದು ಬಂದರೆ ಒಲೆ ಆರಿಸಿಕೊಂಡು ಕೂರಬೇಕು. ಹದಿನೈದು ದಿನವೂ ಆಗಿರಲಿಲ್ಲ, ಕೆ.ಆರ್.ಪೇಟೆ ಕಡೆಯ ಊರೊಂದರವರು ಉತ್ಸವಮೂರ್ತಿ ಮಾಡಲು ಕೊಟ್ಟಿದ್ದ ಲೋಹವನ್ನು ವಾಪಸ್ ತೆಗೆದುಕೊಂಡು ಹೋದರು. ಕಾರಣ ಹೇಳಲಿಲ್ಲ. ಅದು ಭಾಗ್ಯ ತನ್ನ ಕೈಯಾರೆ ಮೇಣ ತಿದ್ದಿ ಮುಗಿಸಿದ್ದ ಮೂರ್ತಿ. ಸುದ್ದಿ ಕೇಳಿ ನನ್ನ ಮೈ ಉರಿದುಹೋಯಿತು.

ಇತ್ತ ಮೇಲಧಿಕಾರಿಯೊಬ್ಬರು ಫೋನು ಮಾಡಿ, "ಯಾಕ್ ಮೇಡಂ ರಗಳೆ? ಇನ್ನೊಂದು ಗುಂಡು ಮಾಡಿಸಿ ಹಾಕಿಬಿಡಿ. ನಿಮ್ಮ ಗಂಟೇನು ಹೋಗುತ್ತೆ?" ಎಂದರು. ನಾನು ಮಕ್ಕಳಿಗೆ ತರಗತಿಯಲ್ಲಿ ಎಂಟು ಎಂದು ಹೇಳಿ, ಪಡಸಾಲೆಗೆ ಕರೆದುಕೊಂಡು ಬಂದು ಒಂಬತ್ತು ತೋರಿಸಬೇಕೇ ಸಾರ್ ಎಂದೆ. "ನೀವು ಬಹಳ ಸೀರಿಯಸ್ಸು" ಎಂದು ನಕ್ಕರು. ಮೇಷ್ಟ್ರಾದವರು ಸೀರಿಯಸ್ ಆಗಿರದೆ ಇನ್ನೇನು ಕೋಡಂಗಿ ಆಟ ಆಡಬೇಕಿತ್ತೋ!

ಆದರೂ ಒಳಗೊಳಗೆ ಅಳುಕಿತ್ತು. ನನ್ನ ಹಟಕ್ಕೆ ಆ ಹುಡುಗಿಯ ಅನ್ನ ಹೋಗಬಾರದಲ್ಲ. ನಾಗಮಂಗಲಕ್ಕೆ ಹೋಗಿ ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದೆ. ಅವಳು ಕೈಗಂಟಿದ ಮೇಣವನ್ನು ಉಜ್ಜಿ ತೆಗೆಯುತ್ತಾ ಹೇಳಿದಳು:

"ಇನ್ನೊಂದು ಮಾಡೋದು ನಂಗೆ ಕಷ್ಟ ಅಲ್ಲ ಮೇಡಂ. ಆದ್ರೆ ಮಾಡಿ ಕೊಟ್ಬುಟ್ರೆ ಏನಾಯ್ತದೆ ಏಳಿ? ಕದ್ದಿದ್ಲು, ಮರ್ಯಾದೆಗೆ ಎದ್ರಿ ತಂದ್ಕೊಟ್ಲು ಅಂತಾರೆ. ಮಾಡಾಕಿಲ್ಲ."

ನಮ್ಮ ಅಧಿಕಾರಿಗಳು ರಾಜಿ ಎಂದು ಹೇಳುತ್ತಿದ್ದದ್ದು ಕಳ್ಳತನದ ಒಪ್ಪಿಗೆ ಪತ್ರ ಎಂದು ನನಗೆ ಆಗ ಅರ್ಥವಾಯಿತು. ಎಂಟನ್ನೇ ತೂಗುಹಾಕಿಸಿದೆ. ಕೆಳಗೆ "ಎರಕ: ಭಾಗ್ಯ, ನಾಗಮಂಗಲ" ಎಂದು ಫಲಕ ಹಾಕಿಸಿದೆ. ಆದದ್ದಾಗಲಿ ಎಂದು ಉದ್ಘಾಟನೆಗೆ ದಿನ ಗೊತ್ತುಮಾಡಿದೆ.

ಬೆಳಗಿನ ಹೊತ್ತಿನ ಕಾರ್ಯಕ್ರಮ. ಬಿಸಿಲು ಪಡಸಾಲೆಗೆ ಬಂದಂತೆ ಒಂದೊಂದೇ ಗ್ರಹ ಹೊಳೆಯತೊಡಗಿತು. ಮಕ್ಕಳು "ಓ" ಎಂದರು. ಪಾತ್ರೆ ಕೊಟ್ಟಿದ್ದ ಹೆಂಗಸರು ಮುಂದಿನ ಸಾಲಿನಲ್ಲೇ ಕೂತಿದ್ದರು. ಸಿದ್ದೇಗೌಡರು ಅಧ್ಯಕ್ಷ ಭಾಷಣಕ್ಕೆ ಎದ್ದರು. ಶಾಲೆಯನ್ನು ಹೊಗಳಿದರು, ನನ್ನನ್ನೂ ಹೊಗಳಿದರು. ಕೊನೆಗೆ ದೊಡ್ಡ ಮನಸ್ಸು ಮಾಡಿದವರಂತೆ ಎದೆಯ ಮೇಲೆ ಕೈಯಿಟ್ಟು, "ಒಂದು ಗ್ರಹ ಓದ್ರೆ ಓಗ್ಲಿ. ಎಣ್ಮಗಳು, ಏನೋ ಕಷ್ಟ ಇದ್ದಿರ್ಬೋದು. ಸಮಿತಿ ಪರವಾಗಿ ಕ್ಷಮಿಸ್ಬುಟ್ಟಿದೀವಿ" ಎಂದರು.

ಅಯ್ಯೋ ಶಿವನೇ! ಮಾಡದ ಕಳ್ಳತನಕ್ಕೆ ಕ್ಷಮೆ! ಅದೂ ಮೈಕಿನಲ್ಲಿ, ಊರಿಗೆಲ್ಲ ಕೇಳುವಂತೆ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ನನ್ನ ಪಿತ್ತ ನೆತ್ತಿಗೇರಿತು. ಎದ್ದು ಹೋಗಿ ಅವರ ಪಕ್ಕದಲ್ಲೇ ನಿಂತು, "ಅಧ್ಯಕ್ಷರೇ, ಕ್ಷಮಿಸುವುದು ಆಮೇಲೆ. ಆ ಒಂಬತ್ತು ಗ್ರಹಗಳ ಹೆಸರು ಒಂದು ಸಲ ಹೇಳಿ" ಎಂದೆ.

ಅವರಿಗೆ ಅದು ನೀರು ಕುಡಿದಷ್ಟು ಸುಲಭ. "ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು" ಎಂದು ಒಂದೇ ಉಸಿರಿಗೆ ಹೇಳಿ ಸಭೆಯತ್ತ ನೋಡಿದರು.

"ಇದರಲ್ಲಿ ಭೂಮಿ ಎಲ್ಲಿದೆ? ನಾವೀಗ ನಿಂತಿರುವುದು ಯಾವುದರ ಮೇಲೆ? ಗುಡಿಯಲ್ಲಿ ಕೈಮುಗಿಯಲು ಆ ಒಂಬತ್ತು. ನಾನೂ ಮುಗಿಯುತ್ತೇನೆ. ಇಲ್ಲಿ ತೂಗುಹಾಕಿರುವುದು ಸೂರ್ಯನ ಸುತ್ತ ತಿರುಗುವ ಎಂಟು. ಮಕ್ಕಳೇ, ಹೇಳಿ."

ಮಕ್ಕಳು ಬುಧನಿಂದ ನೆಪ್ಚೂನ್‌ವರೆಗೆ ಒಕ್ಕೊರಲಿನಿಂದ ಹೇಳಿದರು. ಎಂಟಕ್ಕೆ ನಿಂತಿತು. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಸಿದ್ದೇಗೌಡರು ನಕ್ಕು, "ಅದೇ, ನಾನೂ ತಮಾಸೆಗೆ ಅಂದೆ" ಎಂದು ಕುರ್ಚಿಯತ್ತ ಹೊರಟರು.

ಆಗ ಭಾಗ್ಯ ಎದ್ದು ನಿಂತಳು. "ಕೆ.ಆರ್.ಪೇಟೆಯೋರು ಕೊಟ್ಟ ಕೆಲ್ಸ ವಾಪಸ್ ಕಿತ್ಕೊಂಡೋದ್ರು ಗೌಡ್ರೇ. ಅವ್ರಿಗೆ ತಮಾಸೆ ಅಂತ ಯಾರೇಳ್ತಾರೆ?"

ನಿಂಗಮ್ಮಜ್ಜಿ ಕೂತಲ್ಲಿಂದಲೇ ಕೈಚಾಚಿ ಗದರಿದಳು: "ಲೇ ಸಿದ್ದ, ಬಿಂದ್ಗೆ ಕೊಟ್ಟೋಳು ನಾನು. ನಾನೇ ಕೇಳ್ನಿಲ್ಲ, ನೀನ್ಯಾಕ್ಲಾ ಅಂದೆ? ತಪ್ಪಾಯ್ತು ಅನ್ಲಾ."

ಅವರು ನೆಲ ನೋಡುತ್ತಾ ಏನೋ ಗೊಣಗಿದರು. ತಪ್ಪಾಯ್ತು ಎಂದೇ ಇರಬೇಕು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಇಷ್ಟು ಸಾಕೇನೋ ಎಂದು ನಾನೂ ಕಾರ್ಯಕ್ರಮ ಮುಂದುವರಿಸಲು ಹೊರಟಿದ್ದೆ. ಭಾಗ್ಯ ಕೂರಲಿಲ್ಲ.

"ಮೈಕಲ್ಲಿ ಅನ್ನಿ" ಎಂದಳು.

ನಾನು ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಅವರು ಹೇಳುವವರೆಗೂ ಹಿಡಿದೇ ಇದ್ದೆ. "ಆ ಎಣ್ಮಗಳು ಏನೂ ಕದ್ದಿಲ್ಲ. ನಂದೇ ತಪ್ಪು" ಎಂಬ ಮಾತು ಕಂಬದ ಸ್ಪೀಕರಿನಿಂದ ಊರ ತುಂಬಾ ಕೇಳಿತು.

ಅಧ್ಯಕ್ಷರನ್ನು ಅವಮಾನಿಸಿದ್ದಕ್ಕೆ ನನಗೆ ಮೇಲಿನಿಂದ ನೋಟಿಸು ಬಂತು. ಉತ್ತರ ಬರೆದೆ, ಅದು ಅಲ್ಲಿಗೆ ಮುಗಿಯಿತು. ಭಾಗ್ಯಳಿಗೆ ಬೇರೆ ಶಾಲೆಗಳಿಂದ ಕೆಲಸ ಬಂದಿದೆ. ಕೆ.ಆರ್.ಪೇಟೆಯವರ ಉತ್ಸವಮೂರ್ತಿಯನ್ನು ಮಾತ್ರ ಬೇರೆ ಯಾರೋ ಎರಕ ಹೊಯ್ದುಕೊಟ್ಟರು. ನಮ್ಮ ಸ್ಪೀಕರು ಅಲ್ಲಿಯವರೆಗೆ ಕೇಳಿಸಲಿಲ್ಲ.

ಮಕ್ಕಳು ತಪ್ಪು ಉತ್ತರ ಬರೆದರೆ ಕೆಂಪು ಇಂಕಿನಲ್ಲಿ ತಿದ್ದುವುದು ನನ್ನ ಉದ್ಯೋಗವಾಗಿತ್ತು. ಒಬ್ಬರ ಮೇಲೆ ಹೊರಿಸಿದ ಸುಳ್ಳನ್ನು ಹಾಗೆ ಬೇರೆಯವರು ತಿದ್ದಲಾಗದು. ಹೊರಿಸಿದವರ ಬಾಯಿಂದಲೇ, ಹೊರಿಸಿದಷ್ಟೇ ಗಟ್ಟಿಯಾಗಿ ಆ ತಿದ್ದುಪಡಿ ಹೊರಬರಬೇಕು. ಅಷ್ಟೆಲ್ಲ ಬೇಕಿತ್ತಾ ಮೇಡಂ ಎಂದು ಈಗಲೂ ಕೇಳುವವರಿದ್ದಾರೆ. ಬೇಕಿತ್ತು. ಮೈಕಿನಲ್ಲೇ ಬೇಕಿತ್ತು.