ಹೆಣ ಹೊತ್ತವನಿಗೆ ಕಾಫಿ ಇಲ್ಲ

ಗೆಳೆಯರೇ, ಹಾಸ್ಯನಟನಾದ ನನ್ನ ಮೊದಲ ಗಂಭೀರ ಪಾತ್ರದ ಶೂಟಿಂಗ್ ಇವತ್ತು ಭದ್ರಾವತಿಯ ಓಲ್ಡ್ ಟೌನಿನಲ್ಲಿತ್ತು. ತಮ್ಮನ ಚಟ್ಟಕ್ಕೆ ಹೆಗಲು ಕೊಟ್ಟು ಅಳಬೇಕು. ನನ್ನ ಮುಖ ಕಂಡಿದ್ದೇ ತಡ, ನೆರೆದ ಜನ ನಕ್ಕರು. ನಾನು ಅಳತೊಡಗಿದ ಮೇಲೆ ಒಬ್ಬರೂ ನಗಲಿಲ್ಲ.

ಶಾಟ್ ಮುಗಿಸಿ, ದಿನವೂ ನಮಗೆ ಕಾಫಿ ಕೊಡುವ ಎದುರುಮನೆ ಅಜ್ಜಿಯ ಬಳಿ ಹೋದರೆ ಬಾಗಿಲಿಗೇ ಅಡ್ಡ ನಿಂತರು.

"ಹೆಣ ಹೊತ್ತು ಬಂದಿದೀಯ. ಸ್ನಾನ ಮಾಡ್ಕೊಂಡು ಬಾ ಮಾರಾಯ."

"ಅಜ್ಜಿ, ಅದು ಸಿನಿಮಾ. ಹೆಣ ಆಗಿದ್ದೋನೇ ನಿಮ್ಮನೇಲಿ ಕೂತು ಕಾಫಿ ಕುಡೀತಿದಾನಲ್ಲ."

"ಅವನು ಸುಮ್ನೆ ಮಲಗಿದ್ದ. ನೀನು ನಿಜವಾಗ್ಲೂ ಅತ್ತಿದೀಯ."

ಹಿತ್ತಲಲ್ಲಿ ತಣ್ಣೀರು ಸುರಿದುಕೊಳ್ಳುತ್ತಿದ್ದಾಗ ನಿರ್ದೇಶಕರು ಬಂದು, "ಇನ್ನೊಂದು ಟೇಕ್ ತಗೊಳ್ಳೋಣ್ವಾ?" ಎಂದರು.

"ಬೇಕಾಗಿಲ್ಲ ಸಾರ್," ಎಂದೆ. "ಅಜ್ಜಿ ಓಕೆ ಮಾಡಿದಾರೆ."