ಒಂದು ಮಾರು ಹಗ್ಗ

ಮೊನ್ನೆ ಮಾಣಿಕನಗರದ ಅಂಗಡಿಯೊಂದರಲ್ಲಿ ಎಮ್ಮೆ ಕಟ್ಟಲು ಹಗ್ಗ ಕೇಳಿದೆ. ಈಗೆಲ್ಲ ನೈಲಾನಿನದೇ ಕಾರುಬಾರು. ಆದರೂ ಅಂಗಡಿಯವರು ಒಳಗೆ ಹುಡುಕಿ ಪುಂಡಿ ನಾರಿನ ಹಗ್ಗದ ಸುರುಳಿಯೊಂದನ್ನು ತಂದು ನನ್ನ ಮುಂದೆ ಹಾಕಿದರು. ಮಳೆಗಾಲದ ಥಂಡಿ ಹಿಡಿದ ನಾರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಸರ್ ನೆನಪಾದರು...

ಬಸವಕಲ್ಯಾಣದ ಒಂದು ಖಾಸಗಿ ಶಾಲೆಯಲ್ಲಿ ಅವರು ಹದಿನಾಲ್ಕು ವರ್ಷ ದುಡಿದವರು. ಹೆಸರಿಗೆ ಡ್ರಿಲ್ ಮಾಸ್ತರಿಕೆ. ಮಾಡಿದ್ದು ಶಾಲೆಯ ಅಧ್ಯಕ್ಷರ ಮನೆಗೆ ತರಕಾರಿ ತರುವುದು, ಅವರ ಜೀಪಿನ ಹಾರ್ನ್ ಕೇಳಿದ ಕೂಡಲೇ ಎದ್ದು ಓಡಿ ಗೇಟು ತೆಗೆಯುವುದು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ತರಕಾರಿ ಚೀಲವನ್ನು ಅಧ್ಯಕ್ಷರ ಮನೆಯ ಕಟ್ಟೆಯ ಮೇಲಿಟ್ಟು, ಜೊತೆಗೆ ರಾಜೀನಾಮೆಯನ್ನೂ ಇಟ್ಟು, ಹೆಂಡತಿಯ ತವರಾದ ಹುಮನಾಬಾದಿಗೆ ಬಂದುಬಿಟ್ಟರು. ಊರ ಹೊರಗೆ ಪಾಳುಬಿದ್ದ ಹೊಲವೊಂದನ್ನು ಕೇಳಿ ಪಡೆದು, ಪೊಲೀಸ್ ಭರ್ತಿಗೆ ಹೋಗುವ ನಮ್ಮಂಥವರಿಗೆ ಓಟ ಕಲಿಸತೊಡಗಿದರು. ಓಡುವುದನ್ನೂ ಕಲಿಸುತ್ತಾರಾ ಎಂದು ಮಂದಿ ನಕ್ಕರು. ನಗಲಿ ಬಿಡಿ, ವರ್ಷದೊಳಗೆ ಕೊಡಂಬಲದಂಥ ಹಳ್ಳಿಗಳಿಂದಲೂ ಸೈಕಲ್ ತುಳಿದುಕೊಂಡು ಹುಡುಗರು ಬರತೊಡಗಿದ್ದರು.

ಬೆಳಗಿನ ಓಟ ಮುಗಿದ ಮೇಲೆ ಸರ್ ನೆಲದ ಮೇಲೆ ಕಾಲು ಚಾಚಿ ಕುಳಿತು ಚಹಾ ಕುಡಿಯುತ್ತಿದ್ದರು. ರಸ್ತೆಯಲ್ಲಿ ಯಾವುದಾದರೂ ಜೀಪು ಹಾರ್ನ್ ಹೊಡೆದರೆ ಸಾಕು, ಅವರ ಮೈ ತನ್ನಷ್ಟಕ್ಕೆ ಅರ್ಧ ಏಳುತ್ತಿತ್ತು. ಮರುಕ್ಷಣ ತಾವೇ ನಕ್ಕು ಮತ್ತೆ ಕೂರುತ್ತಿದ್ದರು.

"ಹದಿನಾಲ್ಕು ವರ್ಷದ ಚಾಳಿ ನೋಡಪಾ, ಕಾಲಿಗೆ ಇನ್ನಾ ತಿಳಿದಿಲ್ಲ. ಈಗ ನನಗ ಏಳು ಅನ್ನಾವ್ರು ಯಾರೂ ಇಲ್ಲ," ಎನ್ನುತ್ತಿದ್ದರು. ಆ ಕುಳಿತುಕೊಳ್ಳುವಿಕೆಯಲ್ಲಿ ಎಂಥ ಸುಖವಿತ್ತು ಅವರಿಗೆ! ನಮ್ಮ ಭರ್ತಿಯ ಫಲಿತಾಂಶದ ಮೇಲೆಯೇ ಆ ಸುಖ ನಿಂತಿದೆ ಎಂಬುದು ನನ್ನ ದಡ್ಡ ತಲೆಗೆ ಆಗ ಹೊಳೆದಿರಲಿಲ್ಲ.

ಓಟದ ದಾರಿಯನ್ನು ಅವರು ಪುಂಡಿ ಹಗ್ಗದಿಂದ ಅಳೆಯುತ್ತಿದ್ದರು. ಐವತ್ತು ಮೀಟರಿನ ಹಗ್ಗ. ಎಂಟು ಸಲ ಹಾಸಿ ಸುಣ್ಣ ಚೆಲ್ಲಿದರೆ ಒಂದು ಸುತ್ತು. ಅಂಥ ನಾಲ್ಕು ಸುತ್ತು ನಾವು ಓಡಬೇಕಿತ್ತು. ಒಂದು ಮಳೆಗಾಲದಲ್ಲಿ ಸುಣ್ಣವೆಲ್ಲ ತೊಳೆದುಹೋಯಿತು. ಸರ್‌ಗೆ ಜ್ವರ. ಗುರುತು ಹಾಕುವ ಕೆಲಸವನ್ನು ನನಗೆ ಒಪ್ಪಿಸಿದರು. ನನಗೋ ಇಪ್ಪತ್ತೆರಡರ ಹುರುಪು. ಕಲ್ಲಿಗೆ ಸಿಕ್ಕಿಕೊಂಡ ಹಗ್ಗವನ್ನು ಜಗ್ಗಿದೆ, ನಡುವೆ ಹರಿಯಿತು. ಹಿಂಜಿ ಜಬ್ಬಾದ ತುದಿಗಳನ್ನು ಕತ್ತರಿಸಿ ಎಸೆದು, ಗಂಟು ಹಾಕಿ ಕೆಲಸ ಮುಗಿಸಿದೆ. ಹೋದದ್ದು ಒಂದು ಮಾರು ಹಗ್ಗ, ನನ್ನ ಎರಡೂ ಕೈ ಚಾಚಿದಷ್ಟು. ಅಷ್ಟಕ್ಕೆ ಏನಾದೀತು ಎಂದುಕೊಂಡೆ. ನಾಲ್ಕು ಸುತ್ತಿಗೆ ಮೂವತ್ತೆರಡು ಮಾರು ದಾರಿ ಕಡಿಮೆಯಾಗಿತ್ತು.

ಮರುವಾರ ಎಲ್ಲರೂ ಗೊತ್ತುಪಡಿಸಿದ ಸಮಯಕ್ಕಿಂತ ಮುಂಚೆಯೇ ಗುರಿ ಮುಟ್ಟಿದೆವು. ಸರ್ ಹಿಗ್ಗಿಹೋದರು. "ಶಾಬ್ಬಾಸ್, ಹುಡುಗ್ರು ತಯಾರಾದ್ರು!" ಎಂದು ನನ್ನ ಬೆನ್ನು ತಟ್ಟಿದರು. ಇಷ್ಟು ಸಲೀಸಾಗಿ ಮುಗಿಯುವ ಓಟವಲ್ಲ ಇದು ಎಂದು ನನ್ನ ಎದೆಗೂಡಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಬೆನ್ನು ತಟ್ಟಿಸಿಕೊಂಡವನಿಗೆ ಸತ್ಯ ಯಾಕೆ ಬೇಕು?

ಭರ್ತಿಯ ದಿನ ನಾವು ಹನ್ನೊಂದು ಮಂದಿಯೂ ಓಟದಲ್ಲಿ ಫೇಲಾದೆವು. ಒಬ್ಬೊಬ್ಬರೂ ಕೆಲವೇ ಹೆಜ್ಜೆಗಳಿಂದ...

ಮೂರನೆಯ ದಿನ ಹುಡುಗರ ಮನೆಯವರೆಲ್ಲ ಹೊಲಕ್ಕೆ ಬಂದರು. ಕೊಡಂಬಲದ ಹುಡುಗನೊಬ್ಬನ ತಂದೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ನಮ್ಮ ಹುಡುಗನ ವಯಸ್ಸು ಮುಗೀತ್ರಿ ಮಾಸ್ತರ್. ಇನ್ನ ಹ್ಯಾಂಗ?" ಎಂದರು. ಸರ್ ಹಗ್ಗ ತರಿಸಿ ಹಾಸಿದರು. ಗಂಟು ಕೈಗೆ ಸಿಕ್ಕಿತು. ಗುರುತು ಹಾಕಿದವನು ಯಾರೆಂದು ಅವರಿಗಲ್ಲದೆ ಇನ್ನಾರಿಗೆ ಗೊತ್ತು? ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು, ಅಷ್ಟೇ. ಆಮೇಲೆ ಮಂದಿಯ ಕಡೆ ತಿರುಗಿದರು.

"ಅಳತಿ ತಪ್ಪೇದರಿ. ತಪ್ಪು ನಂದು."

ಮಂದಿ ಬೈದರು. ಒಬ್ಬ ಸರ್ ಅವರ ಕಾಲರಿಗೂ ಕೈ ಹಾಕಿದ. ನಾನು ಸುಣ್ಣದ ಬುಟ್ಟಿಯ ಪಕ್ಕದಲ್ಲೇ ನಿಂತಿದ್ದೆ. ಎಲ್ಲರೂ ಹೋದ ಮೇಲೆ ಸರ್ ಹಗ್ಗ ಸುತ್ತುತ್ತ ನನ್ನ ಕಡೆ ನೋಡದೆಯೇ ಹೇಳಿದರು: "ಸಾಲಿಯೊಳಗ ಇದ್ದಿದ್ರ ನಿನ್ನ ಹೆಸರು ಹೇಳಿ ಪಾರಾಗ್ತಿದ್ದೆ. ಇಲ್ಲಿ ನಾನೇ ಮಾಲಕ ಇದ್ದೀನಲ್ಲ, ಯಾರ ಹೆಸರು ಹೇಳ್ಲಿ?"

ಹುಡುಗರು ಬರುವುದು ನಿಂತಿತು. ಒಂದೆರಡು ತಿಂಗಳು ಅವರು ಒಬ್ಬರೇ ಹೊಲಕ್ಕೆ ಹೋಗಿ ಕೂರುತ್ತಿದ್ದರಂತೆ. ಆಮೇಲೆ ಅದೇ ಶಾಲೆ, ಅದೇ ಅಧ್ಯಕ್ಷರು.

ಎರಡು ವರ್ಷದ ನಂತರ ನಾನು ಏನೋ ಕೆಲಸಕ್ಕೆಂದು ಬಸವಕಲ್ಯಾಣಕ್ಕೆ ಹೋದಾಗ ಅವರು ಶಾಲೆಯ ಗೇಟಿನ ಬಳಿ ಕಟ್ಟೆಯ ಮೇಲೆ ಕುಳಿತಿದ್ದರು. ಇಂದು ಹೇಳಿಯೇಬಿಡುತ್ತೇನೆ ಎಂದು ಹತ್ತಿರ ಹೋದೆ. "ಅರೆ, ಬಾರಪಾ, ಕೂಡು" ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನಾನು ಕೂತು ಬಾಯಿ ತೆರೆಯುವಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಸರ್ ಎದ್ದರು. ಈ ಸಲ ನಗಲಿಲ್ಲ, ಮತ್ತೆ ಕೂರಲೂ ಇಲ್ಲ. ಓಡಿ ಹೋಗಿ ಗೇಟು ತೆಗೆದರು. ನಾನು ತಲೆ ತಗ್ಗಿಸಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ.

ಸರ್ ತೀರಿಕೊಂಡು ಈಗ ಬಹಳ ವರ್ಷಗಳಾದವು. ಮಣ್ಣಿಗೂ ನಾನು ಹೋಗಲಿಲ್ಲ. ಹೇಡಿ ನಾನು, ಬೇರೆ ಕಾರಣವಿಲ್ಲ.

"ಎಷ್ಟು ಮಾರು ಕೊಡ್ಲಿರಿ?" ಅಂಗಡಿಯವರು ಎರಡನೆಯ ಸಲ ಕೇಳುತ್ತಿದ್ದರು. ಆ ಗಂಟು ನನ್ನದು ಸರ್, ಆ ಗಂಟು ನನ್ನದು... ಗಂಟಲವರೆಗೂ ಬಂದಿತ್ತು.

"ನಾಲ್ಕು ಕೊಡ್ರಿ," ಎಂದೆ.